ಭೀಮಾ ತೀರದಿಂದ ರಣಜಿ ಪಟ್ಟಿಯವರೆಗೆ: ಯಾದಗಿರಿ ಸೀಮೆಯ ಕ್ರಿಕೆಟ್ ನಿರೀಕ್ಷೆಯ ಚರಿತ್ರೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಶಹಾಪುರ, ಸುರಪುರ ಸೀಮೆಗಳಿಗೂ ಭೀಮೆಯ ಆಚೆಗಿರುವ ಯಾದಗಿರಿಗೂ ‘ನಮ್ಮ ತಂಡ’ ಎಂದು ಹೇಳಿಕೊಳ್ಳಬಹುದಾದ ಕ್ರಿಕೆಟ್ ತಂಡ ಒಂದು ಶತಮಾನದೊಳಗೆ ಎರಡು ಬಾರಿ ಬದಲಾಗಿದೆ. 1956ರವರೆಗೆ ರಾಜ್ಯದ ಲೆಕ್ಕದಲ್ಲಿ ಅದು ಹೈದರಾಬಾದ್. ಆ ವರ್ಷದ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು, ಮುಂದೆ ಅದೇ ಕರ್ನಾಟಕ. ಇತ್ತೀಚಿನ ವರ್ಷಗಳಲ್ಲಿ ಚುಟುಕು ಕ್ರಿಕೆಟ್ಟಿನ ಮಟ್ಟಿಗೆ ಗುಲ್ಬರ್ಗ ಮಿಸ್ಟಿಕ್ಸ್. ತಂಡ ಬದಲಾದರೂ ಅಭಿಮಾನಿಯ ಆಸೆ ಎರಡೇ: ಸೋಲುವ ತಂಡ ಸುಧಾರಿಸಬೇಕು, ಸುಧಾರಿಸಿದ ತಂಡದ ಪಟ್ಟಿಯಲ್ಲಿ ತನ್ನ ಸೀಮೆಯ ಹುಡುಗನೋ ಹುಡುಗಿಯೋ ಇರಬೇಕು. ಮೊದಲನೆಯ ಆಸೆ ಹಲವು ಬಾರಿ ಕೈಗೂಡಿದೆ. ಎರಡನೆಯದು ಏಕೆ ಹಿಂದುಳಿಯಿತೆಂಬುದನ್ನು ತಿಳಿಯಬೇಕಾದರೆ ಈ ನಾಡಿನ ದಾರಿಗಳನ್ನೂ ಮೈದಾನಗಳನ್ನೂ ಕರ್ನಾಟಕದ ತಂಡ ಕಟ್ಟಿಕೊಂಡು ಬಂದ ಬಗೆಯನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ದೈಹಿಕ ಸಾಹಸಕ್ಕೆ ಈ ಸೀಮೆ ಹೊಸದಲ್ಲ. 1705ರಲ್ಲಿ ವಾಗಿನಗೇರಿಯ ಕೋಟೆಯ ಮುಂದೆ ಔರಂಗಜೇಬನ ಸೈನ್ಯವನ್ನು ತಡೆದು ನಿಲ್ಲಿಸಿದವರು ಸುರಪುರದ ನಾಯಕರೂ ಅವರ ಬೇಡ ಪಡೆಯೂ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದಾಗ ಅವನ ಜೊತೆ ನಿಂತವರು ಅದೇ ಜನರ ಮಕ್ಕಳು. ಗರಡಿ, ಕುಸ್ತಿ, ಗುರಿ ಹೊಡೆಯುವ ವಿದ್ಯೆ ಇವೆಲ್ಲ ಇಲ್ಲಿ ಕ್ರಿಕೆಟ್ ಬರುವುದಕ್ಕೆ ಎಷ್ಟೋ ಮೊದಲು ಬೇರೂರಿದ್ದವು. ಆದುದರಿಂದ ಮುಂದೆ ಈ ಭಾಗದ ಹೆಸರು ರಾಜ್ಯ ತಂಡದ ಪಟ್ಟಿಯಲ್ಲಿ ಅಪರೂಪವಾದದ್ದಕ್ಕೆ ಜನರ ಮೈಕಟ್ಟನ್ನಾಗಲಿ ಮನಸ್ಸನ್ನಾಗಲಿ ಕಾರಣವೆಂದು ಹೇಳುವುದು ಚರಿತ್ರೆಗೆ ಒಪ್ಪದ ಮಾತು.

ಕ್ರಿಕೆಟ್ ಈ ಕಡೆಗೆ ತಲುಪಬಹುದಾಗಿದ್ದ ಮುಖ್ಯ ದಾರಿ ರೈಲಿನದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಮುಂಬಯಿ ಮಾರ್ಗ 1871ರಲ್ಲಿ ರಾಯಚೂರಿನವರೆಗೆ ಬಂದು ಮದರಾಸಿನ ಮಾರ್ಗವನ್ನು ಕೂಡಿಕೊಂಡಾಗ ಯಾದಗಿರಿ ಆ ಹಾದಿಯ ನಿಲ್ದಾಣವಾಯಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡತೊಡಗಿದ ಮೇಲೆ ರಾಜಧಾನಿಯೂ ಅದರ ಪಕ್ಕದ ಸಿಕಂದರಾಬಾದಿನ ದಂಡುಪ್ರದೇಶವೂ ಯಾದಗಿರಿಗೆ ಹತ್ತಿರವಾದವು. ಶಹಾಪುರ ಮತ್ತು ಸುರಪುರಗಳಿಗೆ ಆ ಭಾಗ್ಯವಿರಲಿಲ್ಲ. ರೈಲು ಹಿಡಿಯಬೇಕಾದರೆ ಶಹಾಪುರದವರು ಮೂವತ್ತು ಕಿಲೋಮೀಟರಿಗೂ ಹೆಚ್ಚು, ಸುರಪುರದವರು ಇನ್ನೂ ಹೆಚ್ಚು ದೂರ ಸಾಗಿ ಭೀಮೆಯನ್ನು ದಾಟಿ ಯಾದಗಿರಿಗೆ ಬರಬೇಕಿತ್ತು. ಬೆಂಗಳೂರು ಯಾದಗಿರಿಯಿಂದ ಐನೂರು ಕಿಲೋಮೀಟರಿನ ಸನಿಹ. ಹೈದರಾಬಾದ್ ಅದರ ಅರ್ಧಕ್ಕಿಂತಲೂ ಕಡಿಮೆ. ಉರ್ದು ಶಾಲೆ, ಉಸ್ಮಾನಿಯಾ ವಿಶ್ವವಿದ್ಯಾಲಯ, ಸರ್ಕಾರಿ ನೌಕರಿ ಎಲ್ಲವೂ ಇಲ್ಲಿಯವರನ್ನು ಪೂರ್ವ ದಿಕ್ಕಿಗೇ ಕರೆಯುತ್ತಿದ್ದ ಕಾಲವದು.

ಆ ಕಾಲದ ಹೈದರಾಬಾದ್ ಕ್ರಿಕೆಟ್ ದೇಶದ ಮುಂಚೂಣಿಯಲ್ಲಿತ್ತು. ಪಾಯ್ಗಾ ಮನೆತನದ, ಅಂದರೆ ನಿಜಾಮರ ಸೈನ್ಯಸೇವೆಗೆ ಜಾಗೀರು ಪಡೆದ ಶ್ರೀಮಂತ ವಂಶದ, ನವಾಬ್ ಮೊಯಿನ್ ಉದ್ ದೌಲಾ ಅವರ ಹೆಸರಿನ ಚಿನ್ನದ ಕಪ್ ಪಂದ್ಯಾವಳಿ 1930-31ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾಯಿತು. 1937-38ರಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಹೈದರಾಬಾದ್ ನವಾನಗರದ ಬಲಿಷ್ಠ ತಂಡವನ್ನು ಕೇವಲ ಒಂದು ವಿಕೆಟ್ಟಿನಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಗೆಲುವಿಗೆ 310 ರನ್ ಬೇಕಾಗಿದ್ದ ಆ ಕೊನೆಯ ಇನಿಂಗ್ಸಿನಲ್ಲಿ ಎದುಲ್ಜಿ ಐಬಾರಾ 137 ರನ್ ಮಾಡಿ ಔಟಾಗದೆ ಉಳಿದರು. ಆದರೆ ಆ ಗೆಲುವಿನ ಬೇರುಗಳೆಲ್ಲ ಅವಳಿ ನಗರಗಳ ಕಾಲೇಜು, ಕ್ಲಬ್ಬು, ನವಾಬರ ಆಶ್ರಯಗಳಲ್ಲಿದ್ದವು. ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಸಂಸ್ಥಾನದ ಕಂದಾಯಕ್ಕೆ ಮುಖ್ಯವಾಗಿದ್ದಷ್ಟು ಸಂಸ್ಥಾನದ ಕ್ರಿಕೆಟ್ಟಿಗೆ ಮುಖ್ಯವಾಗಲಿಲ್ಲ.

1956ರಲ್ಲಿ ಈ ಜಿಲ್ಲೆಗಳು ಕನ್ನಡ ನಾಡನ್ನು ಕೂಡಿಕೊಂಡಾಗ ಅವು ಬಂದು ಸೇರಿದ ಮೈಸೂರು ತಂಡದ ಸ್ಥಿತಿ ಹೈದರಾಬಾದಿನಂತಿರಲಿಲ್ಲ. ಮೈಸೂರಿನ ರಣಜಿ ಚರಿತ್ರೆ ಶುರುವಾದದ್ದೇ ಸೋಲಿನಿಂದ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಆ ಟ್ರೋಫಿಯ ಮೊತ್ತಮೊದಲ ಪಂದ್ಯ ನಡೆದಾಗ ಮೈಸೂರು 48 ಮತ್ತು 59 ರನ್ನುಗಳಿಗೆ ಎರಡು ಬಾರಿ ಉರುಳಿತು, ಮದರಾಸಿನ ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಮೂರು ದಿನದ ಪಂದ್ಯ ಒಂದೇ ದಿನದಲ್ಲಿ, ಇನಿಂಗ್ಸ್ ಮತ್ತು 23 ರನ್ನುಗಳ ಅಂತರದಲ್ಲಿ ಮುಗಿಯಿತು. 1941-42ರಲ್ಲಿ ಮೈಸೂರು ಅಂತಿಮ ಪಂದ್ಯದವರೆಗೆ ಬಂದು ಮುಂಬಯಿಗೆ ಸೋತಿತು. 1959-60ರಲ್ಲೂ ಅದೇ ಕಥೆ. 1958-59ರಿಂದ 1972-73ರವರೆಗೆ ಹದಿನೈದು ಋತುಗಳಲ್ಲಿ ಟ್ರೋಫಿ ಮುಂಬಯಿಯನ್ನು ಬಿಟ್ಟು ಕದಲಲಿಲ್ಲವೆಂಬುದನ್ನು ನೆನೆದರೆ ಆ ಕಾಲದ ಮೈಸೂರು ಅಭಿಮಾನಿಯ ತಾಳ್ಮೆ ಎಂಥದ್ದೆಂದು ತಿಳಿಯುತ್ತದೆ.

ಈ ತಂಡ ಸುಧಾರಿಸಿದ ಬಗೆ ಗಮನಿಸಬೇಕಾದದ್ದು. ಹೊರಗಿನಿಂದ ಪ್ರಸಿದ್ಧರನ್ನು ಕರೆತರುವ ಪದ್ಧತಿ ಸಂಸ್ಥಾನಗಳ ಕಾಲದಲ್ಲಿ ಸಾಮಾನ್ಯವಾಗಿತ್ತು. ಆದರೆ ಮೈಸೂರನ್ನು ಕೊನೆಗೆ ಗೆಲ್ಲಿಸಿದ್ದು ಬೆಂಗಳೂರು ಮತ್ತು ಮೈಸೂರು ನಗರಗಳ ಶಾಲೆ, ಕಾಲೇಜು, ಕ್ಲಬ್ಬುಗಳಲ್ಲಿ ಬೆಳೆದು ಒಬ್ಬರ ಹಿಂದೊಬ್ಬರಂತೆ ತಂಡಕ್ಕೆ ಬಂದ ಒಂದು ಪೀಳಿಗೆ. ಆಫ್‌ಸ್ಪಿನ್ನರ್ ಇ.ಎ.ಎಸ್. ಪ್ರಸನ್ನ 1961-62ರಲ್ಲಿ ಬಂದರು. ವೆಸ್ಟ್ ಇಂಡೀಸ್ ಪ್ರವಾಸದಿಂದ ಮರಳಿ ಎಂಜಿನಿಯರಿಂಗ್ ಓದಿಗಾಗಿ ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದರೂ ಅವರ ಕಲೆ ಮಸುಕಾಗಲಿಲ್ಲ. ಪೋಲಿಯೊ ಹಿಡಿದ ಬಲಗೈಯನ್ನೇ ಬೌಲಿಂಗಿನ ಬಲವನ್ನಾಗಿ ಮಾಡಿಕೊಂಡ ಬಿ.ಎಸ್. ಚಂದ್ರಶೇಖರ್ 1963-64ರಲ್ಲಿ ಬಂದರು. 1967-68ರಲ್ಲಿ ಜಿ.ಆರ್. ವಿಶ್ವನಾಥ್ ಆಂಧ್ರದ ವಿರುದ್ಧದ ತಮ್ಮ ಮೊದಲ ಪಂದ್ಯದಲ್ಲೇ 230 ರನ್ ಹೊಡೆದರು. ಸೈಯದ್ ಕಿರ್ಮಾನಿ, ಬ್ರಿಜೇಶ್ ಪಟೇಲ್ ಇದೇ ಸಾಲಿನವರು. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮುಂಬಯಿಯ ವಿರುದ್ಧ ನಡೆದ ಉಪಾಂತ್ಯ ಪಂದ್ಯದಲ್ಲಿ ವಿಶ್ವನಾಥ್ 162, ಬ್ರಿಜೇಶ್ 106 ರನ್ ಮಾಡಿ ಕರ್ನಾಟಕದ ಮೊತ್ತವನ್ನು 385ಕ್ಕೆ ಒಯ್ದರು; ಪ್ರಸನ್ನ ಅವರ ಎಸೆತಕ್ಕೆ ಸುನಿಲ್ ಗಾವಸ್ಕರ್ ಬೌಲ್ಡ್ ಆದರು; ಮುಂಬಯಿ 307ಕ್ಕೆ ನಿಂತಿತು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಹೆಚ್ಚು ರನ್ ಮಾಡಿದವರು ಮುಂದಕ್ಕೆ ಹೋಗುವ ನಿಯಮದಂತೆ ಕರ್ನಾಟಕ ಅಂತಿಮ ಪಂದ್ಯಕ್ಕೆ ತಲುಪಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಪಡೆಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ಆರು ತಿಂಗಳೂ ತುಂಬಿರಲಿಲ್ಲ.

48 ರನ್ನಿನಿಂದ ಮೊದಲ ಟ್ರೋಫಿಯವರೆಗೆ ನಲವತ್ತು ವರ್ಷ ಹಿಡಿಯಿತು. ಈ ನಲವತ್ತು ವರ್ಷಗಳಲ್ಲಿ ಬೆಳೆದದ್ದು ಒಂದಿಬ್ಬರು ವೀರರಲ್ಲ. ವಾರವಾರವೂ ಲೀಗ್ ಪಂದ್ಯ ನಡೆಸುವ ಕ್ಲಬ್ಬುಗಳು, ಹುಲ್ಲಿನ ಪಿಚ್ ಕಾಯುವ ಮಾಲಿಗಳು, ಶಾಲಾ ಹುಡುಗರ ಆಟ ನೋಡಿ ಗುರುತಿಟ್ಟುಕೊಳ್ಳುವ ಆಯ್ಕೆದಾರರು. ಆದರೆ ಆ ಬೆಳೆ ಬಹುಪಾಲು ಎರಡು ನಗರಗಳ ಬೆಳೆಯಾಗಿತ್ತು. ರಾಜ್ಯ ಒಂದಾಗಿ ಹದಿನೆಂಟು ವರ್ಷವಾಗಿದ್ದರೂ ಅದರ ತಂಡದ ಬೇರು ಹಳೆಯ ಮೈಸೂರಿನ ಮಣ್ಣಿನಲ್ಲೇ ಇತ್ತು.

ಎರಡನೆಯ ಘಟ್ಟದಲ್ಲಿ ಸಣ್ಣ ಊರುಗಳು ಪಟ್ಟಿಯೊಳಗೆ ಬಂದವು, ಮತ್ತು ಅವು ಬಂದಾಗಲೆಲ್ಲ ತಂಡಕ್ಕೆ ಬಲ ಬಂತು. ಗದಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ಬೆಳಗಿನ ಹೊತ್ತು ಸುಮಾರು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದರು. ಅದೇ ಜೋಶಿ 1995-96ರ ರಣಜಿ ಋತುವಿನಲ್ಲಿ 529 ರನ್ ಮತ್ತು 52 ವಿಕೆಟ್ ಗಳಿಸಿದರು, ಕರ್ನಾಟಕ ಹದಿಮೂರು ವರ್ಷಗಳ ನಂತರ ಮತ್ತೆ ಟ್ರೋಫಿ ಎತ್ತಿತು. ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ಟ್ರೋಫಿ ಬಂತು. ಅವುಗಳಲ್ಲಿ ಮೊದಲನೆಯದರ ಅಂತಿಮ ಪಂದ್ಯ ನಡೆದದ್ದು ಹೈದರಾಬಾದಿನಲ್ಲಿ. ಗದಗು, ದಾವಣಗೆರೆಗಳಿಗೆ ಸಾಧ್ಯವಾದದ್ದು ಸುರಪುರಕ್ಕೆ ಏಕಾಗಬಾರದು ಎಂಬ ಪ್ರಶ್ನೆಗೆ ಉತ್ತರ ಆ ಊರುಗಳ ನೆರೆಯಲ್ಲೇ ಇದೆ: ಗದಗಿಗೆ ಬೆಳಿಗ್ಗೆ ಹೋಗಿ ಬರಬಹುದಾದ ಹುಬ್ಬಳ್ಳಿ ಇತ್ತು.

ಯಾದಗಿರಿ, ರಾಯಚೂರುಗಳನ್ನೊಳಗೊಂಡ ಕಲ್ಯಾಣ ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಅರ್ಥಪೂರ್ಣ ಹೆಸರು ಯೆರೆ ಗೌಡ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಈ ಬ್ಯಾಟುಗಾರ 1990ರ ದಶಕದಲ್ಲಿ ಕರ್ನಾಟಕದ ಬಣ್ಣ ತೊಟ್ಟರೂ ಆಗಿನ ತಂಡದಲ್ಲಿ ರಾಹುಲ್ ದ್ರಾವಿಡ್ ಮುಂತಾದವರ ನಡುವೆ ನೆಲೆ ಸಿಗುವುದು ಸುಲಭವಿರಲಿಲ್ಲ. ಅವರು ರೈಲ್ವೇಸ್ ತಂಡಕ್ಕೆ ಹೋದರು. ರೈಲ್ವೆ ಇಲಾಖೆಯ ನೌಕರರಿಂದಲೇ ಕಟ್ಟಿದ ಆ ತಂಡ ಯಾವ ರಾಜ್ಯಕ್ಕೂ ಸೇರಿದ್ದಲ್ಲ. ದೊಡ್ಡ ಹೆಸರುಗಳಿಲ್ಲದ, ಸೋಲಿಗೆ ಒಗ್ಗಿಹೋಗಿದ್ದ ಆ ತಂಡದ ಮಧ್ಯಮ ಕ್ರಮಾಂಕಕ್ಕೆ ಯೆರೆ ಗೌಡ ಆಧಾರವಾದರು. ದಿನವಿಡೀ ನಿಂತು ಆಡುವ, ತನ್ನ ವಿಕೆಟ್ಟಿಗೆ ಬೆಲೆ ಕಟ್ಟುವ ಅವರ ಆಟ ನೋಡುವವರಿಗೆ ರಂಜಕವಾಗಿರಲಿಲ್ಲ. ಆದರೆ ಸೋಲುವ ತಂಡವೊಂದು ಗೆಲ್ಲುವ ತಂಡವಾಗುವುದು ಇಂಥ ಆಟದಿಂದಲೇ. 2001-02ರಲ್ಲಿ ಬರೋಡವನ್ನು ಸೋಲಿಸಿ ರೈಲ್ವೇಸ್ ಮೊದಲ ಬಾರಿಗೆ ರಣಜಿ ಗೆದ್ದಿತು, 2004-05ರಲ್ಲಿ ಪಂಜಾಬನ್ನು ಸೋಲಿಸಿ ಮತ್ತೆ ಗೆದ್ದಿತು. ಆ ಬಳಿಕ ಯೆರೆ ಗೌಡ ತಾಯ್ನಾಡಿನ ತಂಡಕ್ಕೆ ಮರಳಿ ಅದರ ನಾಯಕರೂ ಆದರು. ರಾಯಚೂರಿನ ಆಟಗಾರನೊಬ್ಬ ಕರ್ನಾಟಕದ ನಾಯಕನಾಗಬೇಕಾದರೆ ದೇಶವನ್ನೆಲ್ಲ ಸುತ್ತಿ ಬರಬೇಕಾಯಿತೆಂಬುದು ಅವರ ಹಿರಿಮೆಯನ್ನೂ ವ್ಯವಸ್ಥೆಯ ಕೊರತೆಯನ್ನೂ ಒಟ್ಟಿಗೇ ಹೇಳುತ್ತದೆ.

ಸುರಪುರ ಸೀಮೆಯ ಪಶ್ಚಿಮಕ್ಕೆ ಹೊಂದಿಕೊಂಡಿರುವ ವಿಜಯಪುರ ಜಿಲ್ಲೆಯಿಂದ ಬಂದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡರ ಹೆಸರನ್ನೂ ಇಲ್ಲಿ ಹೇಳಲೇಬೇಕು. 2014ರಲ್ಲಿ ಭಾರತ ತಂಡ ಸೇರಿದ ಅವರು 2017ರ ಮಹಿಳಾ ವಿಶ್ವಕಪ್ಪಿನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ, ಉಪಾಂತ್ಯದ ಸ್ಥಾನ ನಿರ್ಧರಿಸುವ ಪಂದ್ಯದಲ್ಲಿ 15 ರನ್ನಿಗೆ 5 ವಿಕೆಟ್ ಪಡೆದು ನ್ಯೂಜಿಲೆಂಡನ್ನು 79ಕ್ಕೆ ಉರುಳಿಸಿದರು. ಉತ್ತರದ ಬಯಲುಸೀಮೆಯಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ಟಿಗೆ ನೆಲವಿಲ್ಲ ಎನ್ನುವವರಿಗೆ ಆ ಒಂದು ಮಧ್ಯಾಹ್ನವೇ ಸಾಕಾದ ಉತ್ತರ.

ಪ್ರತಿಭೆ ಇದ್ದೂ ಪಟ್ಟಿಗೆ ಏರದಿರಲು ನೆಲದ ಕಾರಣವೊಂದಿದೆ, ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಸಣ್ಣ ಊರುಗಳ ಚರ್ಮದ ಚೆಂಡಿನ ಕ್ರಿಕೆಟ್ ಬಹುಕಾಲ ನಡೆದದ್ದು ಮ್ಯಾಟಿಂಗ್ ವಿಕೆಟ್ ಮೇಲೆ, ಅಂದರೆ ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಚಾಪೆಯನ್ನು ಹಾಸಿ, ಅಂಚುಗಳನ್ನು ಬಿಗಿದು ಮೊಳೆ ಹೊಡೆದು ಮಾಡಿದ ಪಿಚ್ಚಿನ ಮೇಲೆ. ಚಾಪೆಯ ಮೇಲೆ ಬಿದ್ದ ಚೆಂಡು ಎದೆಯೆತ್ತರಕ್ಕೆ, ಆದರೆ ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಏಳುತ್ತದೆ. ಸ್ಪಿನ್ ಬೇಗ ಹಿಡಿಯುತ್ತದೆ. ಬ್ಯಾಟುಗಾರ ಹಿಂದಕ್ಕೆ ಸರಿದು ಅಡ್ಡ ಬ್ಯಾಟಿನಲ್ಲಿ ಹೊಡೆಯುವುದನ್ನು ಕಲಿಯುತ್ತಾನೆ. ಬೆಂಗಳೂರಿನ ಹುಲ್ಲಿನ ಪಿಚ್ಚಿನಲ್ಲಿ ಬೆಳಗಿನ ತೇವಕ್ಕೆ ಚೆಂಡು ಗಾಳಿಯಲ್ಲೂ ನೆಲದಲ್ಲೂ ಹೊರಳುತ್ತದೆ, ಮುಂಗಾಲಿಟ್ಟು ಆಡದೆ ಗತಿಯಿಲ್ಲ. ಆಯ್ಕೆ ಪಂದ್ಯಕ್ಕೆಂದು ರಾತ್ರಿಯ ರೈಲಿನಲ್ಲಿ ಹೊರಟು ಬೆಳಿಗ್ಗೆ ಇಳಿದ ಹುಡುಗ ತನಗೆ ಗೊತ್ತಿಲ್ಲದ ಪಿಚ್ಚಿನ ಮೇಲೆ ಹತ್ತು ಹದಿನೈದು ಚೆಂಡುಗಳಲ್ಲಿ ತನ್ನ ಭವಿಷ್ಯವನ್ನು ತೋರಿಸಬೇಕಾಗುತ್ತದೆ. ಟೆನ್ನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಬೆಳೆದವನಿಗಂತೂ ಚರ್ಮದ ಚೆಂಡಿನ ಭಾರ, ಅದರ ಎದ್ದ ಹೊಲಿಗೆ, ಗಾಳಿಯಲ್ಲಿ ಅದು ವಾಲುವ ರೀತಿ ಎಲ್ಲವೂ ಹೊಸತು. ಇದರ ಮೇಲೆ ಹವೆ. ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ಪಿಚ್ಚಿನ ಹುಲ್ಲು ಉಳಿಸಲು ದಿನವೂ ನೀರು ಬೇಕು. 1980ರ ದಶಕದಿಂದ ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆಗಳು ಶಹಾಪುರ, ಸುರಪುರದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿದವು. ಆ ನೀರಿನ ಒಂದು ಹನಿಯಷ್ಟು ಪಾಲು ಆಟದ ಮೈದಾನಕ್ಕೂ ಸಲ್ಲಬೇಕಿತ್ತು.

2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಈ ಆಸೆಗೆ ಹೊಸ ರೂಪ ಕೊಟ್ಟಿತು. ಊರುಗಳ ಹೆಸರಿನ ತಂಡಗಳು ಬಂದವು. ಬಿಜಾಪುರ ಬುಲ್ಸ್ 2015 ಮತ್ತು 2018ರಲ್ಲಿ, ಬಳ್ಳಾರಿ ಟಸ್ಕರ್ಸ್ 2016ರಲ್ಲಿ ಗೆದ್ದವು. 2019ರ ನಂತರ ಆ ಲೀಗ್ ನಿಂತು, 2022ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ನೆನಪಿನ ಮಹಾರಾಜ ಟ್ರೋಫಿ ಶುರುವಾದಾಗ ಗುಲ್ಬರ್ಗ ಮಿಸ್ಟಿಕ್ಸ್ ಮೊದಲ ವರ್ಷವೇ ಬೆಂಗಳೂರು ಬ್ಲಾಸ್ಟರ್ಸನ್ನು ಅಂತಿಮ ಪಂದ್ಯದಲ್ಲಿ 11 ರನ್ನುಗಳಿಂದ ಮಣಿಸಿತು. ಮನೀಶ್ ಪಾಂಡೆ ನಾಯಕರು, ದೇವದತ್ತ ಪಡಿಕ್ಕಲ್ ಮುಖ್ಯ ಬ್ಯಾಟುಗಾರರಲ್ಲೊಬ್ಬರು. ಕಲಬುರಗಿ ಯಾದಗಿರಿಗಳ ಜನ ಆ ಗೆಲುವನ್ನು ತಮ್ಮದೆಂದುಕೊಂಡದ್ದು ಸಹಜ. ಆದರೆ ಇಬ್ಬರೂ ಬೆಂಗಳೂರಿನ ಕ್ರಿಕೆಟ್ಟಿನಲ್ಲಿ ಬೆಳೆದವರು, ಆ ವರ್ಷದ ಪಂದ್ಯಗಳೆಲ್ಲ ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಹರಾಜಿನ ಪದ್ಧತಿ ಬಂದ ಮೇಲೆ, ಅಂದರೆ ಗೊತ್ತುಪಡಿಸಿದ ಹಣದ ಮಿತಿಯೊಳಗೆ ಬೆಲೆ ಕೂಗಿ ಆಟಗಾರರನ್ನು ಪಡೆಯುವ ಕ್ರಮ ಬಂದ ಮೇಲೆ, ಹಿಂದಿನ ಋತುವಿನ ನೆಚ್ಚಿನ ಆಟಗಾರ ಮುಂದಿನ ಋತುವಿನಲ್ಲಿ ಎದುರಾಳಿಯಾಗುವುದು ಮಾಮೂಲಾಯಿತು. ಪಡಿಕ್ಕಲ್ ಅವರೇ 2025ರಲ್ಲಿ ಹುಬ್ಬಳ್ಳಿ ಟೈಗರ್ಸ್ ಪಾಲಾದರು.

ದುರ್ಬಲ ತಂಡವನ್ನು ನಿಯಮದ ಮೂಲಕ ಎತ್ತುವ ಪ್ರಯತ್ನ ಬೇರೆ ನಾಡುಗಳಲ್ಲೂ ನಡೆದಿದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ 1965ರಿಂದ ಡ್ರಾಫ್ಟ್ ಎಂಬ ಕ್ರಮವಿದೆ: ಶಾಲೆ ಕಾಲೇಜುಗಳಿಂದ ಹೊಸದಾಗಿ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಕೆಳಗಿದ್ದ ತಂಡಗಳಿಗೆ ಮೊದಲ ಸರದಿಗಳು ಸಿಗುತ್ತವೆ. ಆದರೆ ಅಲ್ಲಿ ಆರಿಸಲ್ಪಟ್ಟ ಹುಡುಗ ನೇರವಾಗಿ ಮುಖ್ಯ ತಂಡಕ್ಕೆ ಹೋಗುವುದು ತೀರ ಅಪರೂಪ. ಸಣ್ಣ ಊರುಗಳಲ್ಲಿರುವ ಕೆಳಹಂತದ ತಂಡಗಳಲ್ಲಿ ವರ್ಷಗಟ್ಟಲೆ ಆಡಿ ಮೇಲೇರುತ್ತಾನೆ. ಸರದಿಯ ನಿಯಮಕ್ಕಿಂತ ಈ ಕೆಳಹಂತದ ಏರ್ಪಾಡೇ ಅಲ್ಲಿಯ ನಿಜವಾದ ಶಕ್ತಿ. ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯ ಪದ್ಧತಿ ಇದಕ್ಕೆ ಸಮೀಪದ್ದು. ಯಾದಗಿರಿ, ಕಲಬುರಗಿ, ಬೀದರ್ ಮುಂತಾದ ಜಿಲ್ಲೆಗಳು ಅದರ ರಾಯಚೂರು ವಲಯಕ್ಕೆ ಸೇರುತ್ತವೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳಲ್ಲಿ ರಣಜಿ ಪಂದ್ಯ ನಡೆಯುವ ಮಟ್ಟದ ಮೈದಾನಗಳು ಎದ್ದ ಮೇಲೆ ಆ ಭಾಗಗಳ ಹುಡುಗರಿಗೆ ದೊಡ್ಡ ಆಟಗಾರರನ್ನು ಹತ್ತಿರದಿಂದ ನೋಡುವ ಅವಕಾಶ ಬಂತು. ಅಂಥದ್ದು ಭೀಮಾ ತೀರಕ್ಕೆ ಇನ್ನೂ ಬರಬೇಕಾಗಿದೆ.

ಸಂವಿಧಾನದ 371(ಜೆ) ವಿಧಿ ಈ ಪ್ರದೇಶದವರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಮೀಸಲು ಕೊಟ್ಟ ಬಳಿಕ ರಾಜ್ಯ ತಂಡದಲ್ಲೂ ಅಂಥ ಪಾಲು ಬೇಕೆಂಬ ವಾದ ಹುಟ್ಟುವುದು ಸಹಜ. ನೂರಾರು ವರ್ಷ ಕಡೆಗಣಿಸಲ್ಪಟ್ಟ ಸೀಮೆಯ ನೋವು ಆ ವಾದದಲ್ಲಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೂ ಹನ್ನೊಂದರ ಪಟ್ಟಿಯಲ್ಲಿ ಒಂದು ಹೆಸರನ್ನು ಕಾಯ್ದಿರಿಸುವುದರಿಂದ ಆ ಒಬ್ಬ ಆಟಗಾರನ ಹೆಗಲ ಮೇಲೆ ಇಡೀ ಪ್ರದೇಶದ ಭಾರ ಬೀಳುತ್ತದೆಯೇ ಹೊರತು ಅವನ ಹಿಂದೆ ಬರಬೇಕಾದ ಹತ್ತು ಮಂದಿ ಹುಟ್ಟುವುದಿಲ್ಲ. 1934ರ ಮೈಸೂರು ತಂಡಕ್ಕೆ ಬೇಕಾಗಿದ್ದದ್ದು ಏನೋ ಇಂದಿನ ಯಾದಗಿರಿಗೆ ಬೇಕಾದದ್ದೂ ಅದೇ. ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಗೆ ಕಚೇರಿ, ನ್ಯಾಯಾಲಯ, ಆಸ್ಪತ್ರೆ ಬಂದಂತೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ವರ್ಷವಿಡೀ ನೀರುಂಡು ಹಸಿರಾಗಿರುವ ಒಂದೊಂದು ಹುಲ್ಲಿನ ಪಿಚ್, ಅದನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಮಾಲಿ, ಹದಿನಾಲ್ಕು ವರ್ಷದೊಳಗಿನ ಹುಡುಗ ಹುಡುಗಿಯರಿಗೆ ಚರ್ಮದ ಚೆಂಡಿನ ಲೀಗ್, ಮತ್ತು ವರ್ಷಕ್ಕೆರಡು ಬಾರಿ ಆಯ್ಕೆದಾರರೇ ರೈಲು ಹತ್ತಿ ಇಲ್ಲಿಗೆ ಬಂದು ಅವರ ಆಟ ನೋಡುವ ಕಟ್ಟುನಿಟ್ಟಿನ ಏರ್ಪಾಡು ಬರಬೇಕು. ರಾಜ್ಯ ಕ್ರಿಕೆಟ್ ಸಂಸ್ಥೆಯೂ ಜಿಲ್ಲಾಡಳಿತವೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಕೂಡಿ ಕುಳಿತು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.